ಮಿದುಳಿನ ರಕ್ತಸ್ರಾವದ ನಂತರ ನರಕ್ಕೆ ಕರೆಂಟ್ ಕೊಡುವ ಚಿಕಿತ್ಸೆ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಬದಿಯಡ್ಕ, ಮುಳ್ಳೇರಿಯವರೆಗೆ ಸ್ಟ್ರೋಕ್ ಆದವರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಈಚೆಗೆ ಮನೆ ಮನೆಯಲ್ಲೂ ಮೊಬೈಲ್ ತೆಗೆದು ಒಂದೇ ತರದ ವಿಡಿಯೋ ತೋರಿಸುತ್ತಾರೆ. ಕಿವಿಗೆ ಕ್ಲಿಪ್ ಹಾಕಿಕೊಂಡ ರೋಗಿ, ಮರುಕ್ಷಣ ಅವರೇ ಕೈ ಎತ್ತಿ ಲೋಟ ಹಿಡಿಯುತ್ತಾರೆ. "ಇದು ನಮ್ಮಲ್ಲಿ ಉಂಟಾ? ಅಪ್ಪನಿಗೆ ಮಾಡಿಸಬಹುದಾ?" ಎಲ್ಲರದ್ದೂ ಇದೇ ಪ್ರಶ್ನೆ. ಹಾಗಾಗಿ ಉತ್ತರಗಳನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ನರರೋಗ ತಜ್ಞ ಅಲ್ಲ. ನಿಮ್ಮವರ ಸ್ಕ್ಯಾನ್ ನೋಡಿದ ಡಾಕ್ಟರು ಬೇರೆ ಹೇಳಿದರೆ ಅವರ ಮಾತು ಕೇಳಿ.

ಒಂದೇ ಮಾತಲ್ಲಿ ಹೇಳಿ, ಕರೆಂಟ್ ಕೊಟ್ಟರೆ ಅಪ್ಪ ಎದ್ದು ನಡೀತಾರಾ?

ಹಾಗಂತ ಇವತ್ತಿಗೆ ಯಾರೂ ಮಾತು ಕೊಡುವ ಹಾಗಿಲ್ಲ. ಕೊಟ್ಟರೆ ಅವರ ಬಗ್ಗೆ ಸ್ವಲ್ಪ ಹುಷಾರಾಗಿರಿ. ಕೆಲವು ಬಗೆಯ ಸ್ಟ್ರೋಕ್‌ಗೆ, ಕೆಲವು ತೊಂದರೆಗಳಿಗೆ, ನರಕ್ಕೆ ಕರೆಂಟ್ ಕೊಡುವುದರಿಂದ ಉಪಯೋಗ ಆಗಿದೆ ಎಂದು ರೋಗಿಗಳ ಮೇಲೆ ಮಾಡಿದ ಸರಿಯಾದ ಪರೀಕ್ಷೆಗಳು (ಟ್ರಯಲ್‌ಗಳು) ತೋರಿಸಿವೆ. ರಕ್ತಸ್ರಾವ ಆದವರಲ್ಲಿ ಪರೀಕ್ಷೆ ಇನ್ನೂ ನಡೆಯುತ್ತಾ ಇದೆ. ವಿಡಿಯೋದಲ್ಲಿ ಈ ಎರಡನ್ನೂ ಕಲಸಿ ತೋರಿಸುತ್ತಾರೆ, ಗಲಾಟೆ ಶುರುವಾಗುವುದೇ ಅಲ್ಲಿಂದ.

ಸ್ಟ್ರೋಕ್ ಅಂದ ಮೇಲೆ ಎಲ್ಲ ಒಂದೇ ಅಲ್ವಾ?

ಅಲ್ಲ. ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿರುವುದರಿಂದ ಸ್ವಲ್ಪ ನಿಧಾನ ಓದಿ.

ಮಿದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದು ಬ್ಲಾಕ್ ಆದ ಸ್ಟ್ರೋಕ್. ಜಾಸ್ತಿ ಜನರಿಗೆ ಆಗುವುದು ಇದೇ. ರಕ್ತನಾಳ ಒಡೆದು ರಕ್ತ ಹೊರಗೆ ಹರಿದರೆ ಅದು ರಕ್ತಸ್ರಾವ, ಆಸ್ಪತ್ರೆಯಲ್ಲಿ ಬ್ರೇನ್ ಹೆಮರೇಜ್ ಎನ್ನುತ್ತಾರೆ. ಇದರಲ್ಲೂ ಎರಡು ವಿಧ ಉಂಟು. ಮಿದುಳಿನ ಒಳಗೇ ಸಣ್ಣ ರಕ್ತನಾಳ ಒಡೆಯುವುದು ಒಂದು. ಅದಕ್ಕೆ ದೊಡ್ಡ ಕಾರಣ ವರ್ಷಗಟ್ಟಲೆ ಹಿಡಿತಕ್ಕೆ ಬಾರದ ಬಿಪಿ. ಇನ್ನೊಂದು, ಮಿದುಳನ್ನು ಸುತ್ತಿಕೊಂಡ ಪೊರೆಗಳ ನಡುವೆ ರಕ್ತ ಹರಡುವುದು, ಸಬ್‌ಅರಾಕ್ನಾಯ್ಡ್ ಹೆಮರೇಜ್. ತಲೆಗೆ ಪೆಟ್ಟು ಬೀಳದೆ ಇದು ಆದರೆ, 100ರಲ್ಲಿ ಸುಮಾರು 85 ಜನರಲ್ಲಿ ಕಾರಣ ರಕ್ತನಾಳದ ಗೋಡೆ ಗುಳ್ಳೆಯ ಹಾಗೆ ಉಬ್ಬಿ ಒಡೆದದ್ದು, ಅಂದರೆ ಅನ್ಯೂರಿಸಮ್. "ಜನ್ಮದಲ್ಲೇ ಇಂಥ ತಲೆನೋವು ಬಂದಿರಲಿಲ್ಲ" ಎಂದು ರೋಗಿ ಹೇಳುವುದು ಈ ಎರಡನೆಯದರಲ್ಲಿ.

ನಿಮ್ಮ ಮನೆಯವರಿಗೆ ಇವುಗಳಲ್ಲಿ ಯಾವುದು ಆದದ್ದು? ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟದಲ್ಲೇ ಬರೆದಿರುತ್ತಾರೆ. ಅದು ಗೊತ್ತಿಲ್ಲದೆ ಯಾವ ವಿಡಿಯೋ ನೋಡಿದರೂ ಪ್ರಯೋಜನ ಇಲ್ಲ.

ಯಾವ ನರಕ್ಕೆ ಕೊಡುವುದು? ತಲೆಗೇ ಕರೆಂಟ್ ಇಡ್ತಾರಾ?

ತಲೆಗೆ ಅಲ್ಲ. ಹೆಚ್ಚು ಸುದ್ದಿಯಲ್ಲಿರುವುದು ವೇಗಸ್ ಎನ್ನುವ ನರ. ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯ ಎರಡೂ ಬದಿಯಲ್ಲಿ ಇಳಿದು ಗಂಟಲು, ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೂ ಹೋಗುತ್ತದೆ. ಅದರ ಒಂದು ಚಿಕ್ಕ ಕವಲು ಹೊರಗಿವಿಯ ಚರ್ಮಕ್ಕೂ ಬರುತ್ತದೆ. ಹಾಗಾಗಿ ಈ ನರವನ್ನು ಮುಟ್ಟಲು ಎರಡು ದಾರಿ: ಆಪರೇಷನ್ ಮಾಡಿ ಕುತ್ತಿಗೆಯಲ್ಲಿ ನರಕ್ಕೇ ತಂತಿ ಸುತ್ತುವುದು, ಇಲ್ಲವೇ ಹೊರಗಿನಿಂದ ಕಿವಿಗೆ ಕ್ಲಿಪ್ ಹಾಕುವುದು.

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆ ಅಲ್ಲ. ಮಾತ್ರೆಗೆ ಬಗ್ಗದ ಫಿಟ್ಸ್‌ಗೆ ಕುತ್ತಿಗೆಯ ಸಾಧನಕ್ಕೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದೆ. ಸ್ಟ್ರೋಕ್‌ಗೆ ಬಳಸುವುದು ಮಾತ್ರ ಹೊಸತು.

ಕುತ್ತಿಗೆಯ ನರಕ್ಕೆ ಕರೆಂಟ್ ಕೊಟ್ಟರೆ ಕೈ ಹೇಗೆ ಸರಿಯಾಗ್ತದೆ? ಸಂಬಂಧವೇ ಇಲ್ಲವಲ್ಲ!

ಒಳ್ಳೆಯ ಪ್ರಶ್ನೆ. ವೇಗಸ್ ನರದಲ್ಲಿ ಹೆಚ್ಚಿನ ಎಳೆಗಳು ಸುದ್ದಿ ಒಯ್ಯುವುದು ಮೇಲಕ್ಕೆ, ದೇಹದಿಂದ ಮಿದುಳಿಗೆ. ಅಲ್ಲಿ ಕರೆಂಟ್ ತಟ್ಟಿದಾಗ ಮಿದುಳಿನಲ್ಲಿ ನಾರ್‌ಅಡ್ರಿನಲಿನ್, ಅಸಿಟೈಲ್‌ಕೋಲಿನ್ ಮುಂತಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. "ಈಗ ಮಾಡಿದ್ದನ್ನು ನೆನಪಿಟ್ಟುಕೋ" ಎಂದು ಮಿದುಳಿಗೆ ಹೇಳುವ ಕೆಲಸ ಇವುಗಳದ್ದು. ರೋಗಿ ಕೈ ಚಾಚುವ ಕ್ಷಣಕ್ಕೆ ಸರಿಯಾಗಿ ಅರ್ಧ ಸೆಕೆಂಡ್ ಕರೆಂಟ್ ಕೊಟ್ಟರೆ, ಆ ಚಲನೆಗೆ ಬೇಕಾದ ಹೊಸ ಸಂಪರ್ಕಗಳು ಗಟ್ಟಿಯಾಗುತ್ತವೆ ಎನ್ನುವುದು ಲೆಕ್ಕಾಚಾರ. ನಮ್ಮ ಕಡೆಯವರಿಗೆ ಹೇಗೆ ಹೇಳುವುದೆಂದರೆ, ವೇಷಧಾರಿಯ ಹೆಜ್ಜೆಗೂ ಚೆಂಡೆಯ ಪೆಟ್ಟಿಗೂ ಇರುವ ಹೊಂದಾಣಿಕೆ ಇದು. ಹೆಜ್ಜೆ ಬಿದ್ದಾದ ಮೇಲೆ ಬಡಿದರೆ ಏನು ಬಂತು?

ಅಂದರೆ ವ್ಯಾಯಾಮ ಮಾಡದೆ ಸುಮ್ನೆ ಕರೆಂಟ್ ಇಟ್ಟುಕೊಂಡು ಕೂತರೆ ಈ ಲೆಕ್ಕದಲ್ಲಿ ಏನೂ ಆಗುವುದಿಲ್ಲ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಜನರ ಕಣ್ಣು ಹೋಗುವುದು ಮೆಷಿನ್ ಕಡೆಗೇ.

ಈ ಕರೆಂಟ್ ಕೆಲಸ ಮಾಡುವ ಇನ್ನೊಂದು ಬಗೆ ಬೇರೆಯೇ. ವೇಗಸ್ ನರಕ್ಕೆ ದೇಹದ ಉರಿಯೂತವನ್ನು ತಗ್ಗಿಸುವ ಶಕ್ತಿಯೂ ಉಂಟು. 2000ದಲ್ಲಿ ಅಮೆರಿಕದ ಕೆವಿನ್ ಟ್ರೇಸಿ ಅವರ ತಂಡ ಇದನ್ನು ಇಲಿಗಳಲ್ಲಿ ತೋರಿಸಿತ್ತು. ರಕ್ತಸ್ರಾವ ಆದವರಿಗೆ ಇದು ಮುಖ್ಯ. ಏಕೆಂದರೆ ಹೊರಗೆ ಚೆಲ್ಲಿದ ರಕ್ತ ಅಲ್ಲೇ ಒಡೆದು ಕರಗುವಾಗ ಸುತ್ತಲಿನ ಮಿದುಳಿಗೆ ಉರಿ, ಊತ ಎಲ್ಲ ಶುರುವಾಗುತ್ತದೆ. ಮೊದಲ ಪೆಟ್ಟು ರಕ್ತದ ಒತ್ತಡದಿಂದ, ಎರಡನೆಯ ಪೆಟ್ಟು ಈ ಉರಿಯಿಂದ. ಎರಡನೆಯದನ್ನಾದರೂ ತಗ್ಗಿಸಲು ಆಗುತ್ತದಾ ಎಂಬುದನ್ನೇ ಈಗ ಪರೀಕ್ಷಿಸುತ್ತಿರುವುದು.

ಹಾಗಾದರೆ ಕೈ ಸರಿಯಾದದ್ದು ಯಾರಿಗೆ?

2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪರೀಕ್ಷೆ ಇದು. ಅಮೆರಿಕ ಮತ್ತು ಬ್ರಿಟನ್ನಿನ 19 ಕಡೆಗಳಲ್ಲಿ 108 ಜನ ಸೇರಿದ್ದರು. ಎಲ್ಲರಿಗೂ ಬ್ಲಾಕ್ ಆದ ಸ್ಟ್ರೋಕ್, ಅದೂ ಆಗಿ ಕನಿಷ್ಠ 9 ತಿಂಗಳು ಕಳೆದಿತ್ತು, ಕೈ ಇನ್ನೂ ಬಲ ಇಲ್ಲದೆ ಉಳಿದಿತ್ತು. ಎಲ್ಲರಿಗೂ ಆಪರೇಷನ್ ಮಾಡಿ ಸಾಧನ ಕೂರಿಸಿದರು. ಎಲ್ಲರಿಗೂ 6 ವಾರ, ವಾರಕ್ಕೆ 3 ಸಲ ಕೈಗೆ ಕಠಿಣ ಅಭ್ಯಾಸ, ಒಂದೊಂದು ಸಲಕ್ಕೆ 300ಕ್ಕೂ ಮೇಲೆ ಚಲನೆಗಳು. ನಿಜವಾದ ಕರೆಂಟ್ ಕೊಟ್ಟದ್ದು ಮಾತ್ರ ಸುಮಾರು ಅರ್ಧ ಜನರಿಗೆ.

ಕೈಯ ಶಕ್ತಿಯನ್ನು ಅಳೆಯುವ 66 ಅಂಕದ ಪರೀಕ್ಷೆಯಲ್ಲಿ ಕರೆಂಟ್ ಸಿಕ್ಕಿದವರು ಸರಾಸರಿ 5 ಅಂಕ ಮೇಲೆ ಬಂದರು, ಸಿಗದವರು 2.4 ಅಂಕ. ಮೂರು ತಿಂಗಳ ನಂತರ ನೋಡಿದಾಗ, ದಿನನಿತ್ಯದ ಬದುಕಿನಲ್ಲಿ ಗೊತ್ತಾಗುವಷ್ಟು ಸುಧಾರಣೆ ಆದವರು ಕರೆಂಟ್ ಸಿಕ್ಕಿದ ಗುಂಪಿನಲ್ಲಿ 47 ಶೇಕಡಾ, ಸಿಗದ ಗುಂಪಿನಲ್ಲಿ 24 ಶೇಕಡಾ. ಇದೇ ಆಧಾರದಲ್ಲಿ ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಿವಿಸ್ಟಿಮ್ ಎಂಬ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಒಳ್ಳೆಯ ಸುದ್ದಿಯೇ. ಆದರೆ ಮೂರು ವಿಷಯ ನೋಡಿ. ಕರೆಂಟ್ ಸಿಕ್ಕಿದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಹೇಳಿಕೊಳ್ಳುವಷ್ಟು ಲಾಭ ಆಗಲಿಲ್ಲ. ಬರೀ ಅಭ್ಯಾಸದಿಂದಲೇ ನಾಲ್ಕರಲ್ಲಿ ಒಬ್ಬರು ಸುಧಾರಿಸಿದರು, ಇದನ್ನು ಯಾರೂ ವಿಡಿಯೋ ಮಾಡಿ ಹಾಕುವುದಿಲ್ಲ. ಮತ್ತೆ, ಒಪ್ಪಿಗೆ ಸಿಕ್ಕಿದ್ದು ಬ್ಲಾಕ್ ಆದವರಿಗೆ. ರಕ್ತಸ್ರಾವ ಆದವರಿಗೆ ಅಲ್ಲ.

ರಕ್ತಸ್ರಾವ ಆದವರಲ್ಲಿ ಯಾರೂ ಪರೀಕ್ಷೆ ಮಾಡಿಲ್ವಾ?

ಮಾಡುತ್ತಿದ್ದಾರೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ಯೂನಿವರ್ಸಿಟಿಯ ವೈದ್ಯರು ಸಬ್‌ಅರಾಕ್ನಾಯ್ಡ್ ರಕ್ತಸ್ರಾವ ಆಗಿ ಐಸಿಯುನಲ್ಲಿ ಇರುವವರ ಕಿವಿಗೆ ಕ್ಲಿಪ್ ಹಾಕಿ ನೋಡಿದರು. ದಿನಕ್ಕೆ ಎರಡು ಸಲ, ಒಂದು ಸಲಕ್ಕೆ 20 ನಿಮಿಷ. ಆಪರೇಷನ್ ಇಲ್ಲ. ಇನ್ನೊಂದು ಗುಂಪಿಗೆ ಹಾಗೆಯೇ ಕ್ಲಿಪ್ ಹಾಕಿದರು, ಆದರೆ ಕರೆಂಟ್ ಕೊಡಲಿಲ್ಲ.

ಈ ರೋಗದಲ್ಲಿ ಒಂದು ಕೆಟ್ಟ ಗುಣ ಉಂಟು. ಒಡೆದ ಜಾಗವನ್ನು ಆಪರೇಷನ್ ಮಾಡಿ ಅಥವಾ ಕಾಯಿಲ್ (ಸಣ್ಣ ಲೋಹದ ಸುರುಳಿ) ತುಂಬಿ ಮುಚ್ಚಿ, ಮನೆಯವರೆಲ್ಲ "ಗಂಡಾಂತರ ಕಳೆಯಿತು" ಎಂದು ಉಸಿರು ಬಿಟ್ಟ ಮೇಲೆ, ಸುಮಾರು 4ನೇ ದಿನದಿಂದ 14ನೇ ದಿನದ ಒಳಗೆ ಮಿದುಳಿನ ರಕ್ತನಾಳಗಳು ಸೆಟೆದು ಕಿರಿದಾಗಬಹುದು. ಡಾಕ್ಟರು ವಾಸೋಸ್ಪಾಸ್ಮ್ ಎನ್ನುವುದು ಇದನ್ನೇ. ಆಗ ಮತ್ತೆ ಹೊಸ ಸ್ಟ್ರೋಕ್ ಆಗುವ ಭಯ. 21 ದಿನ 4 ಗಂಟೆಗೊಮ್ಮೆ ನಿಮೋಡಿಪಿನ್ ಮಾತ್ರೆ ಕೊಡುವುದು ಇದರ ಅಪಾಯ ತಗ್ಗಿಸಲಿಕ್ಕೆ. ಮಧ್ಯರಾತ್ರಿ ನರ್ಸ್ ಬಂದು ಎಬ್ಬಿಸಿ ಮಾತ್ರೆ ಕೊಡುತ್ತಾರೆ ಎಂದು ಬೈಸ್ಟ್ಯಾಂಡರ್ ಆಗಿ ಕೂತವರು ಬೈಯುವುದುಂಟು. ಬೈಯಬೇಡಿ, ಆ ಮಾತ್ರೆಗೆ ಈ ಕ್ಲಿಪ್‌ಗಿಂತ ಎಷ್ಟೋ ಜಾಸ್ತಿ ಪುರಾವೆ ಇದೆ.

ಆ ಪರೀಕ್ಷೆಯ ಮೊದಲ ಫಲಿತಾಂಶದಲ್ಲಿ, ಕರೆಂಟ್ ಸಿಕ್ಕಿದವರ ರಕ್ತದಲ್ಲೂ ಬೆನ್ನುಹುರಿಯ ನೀರಿನಲ್ಲೂ ಉರಿಯೂತದ ಗುರುತುಗಳಾದ ಟಿಎನ್‌ಎಫ್ ಮತ್ತು ಐಎಲ್-6 ಕಡಿಮೆಯಾದವು. ಸ್ಕ್ಯಾನ್‌ನಲ್ಲಿ ಕಾಣುವ ರಕ್ತನಾಳದ ಸೆಟೆತವೂ ಕಡಿಮೆ ಇತ್ತು. ಆಸೆ ಹುಟ್ಟಿಸುವ ಸಂಗತಿ. ಆದರೆ ಗುಂಪು ತುಂಬ ಚಿಕ್ಕದು, ಒಂದೇ ಆಸ್ಪತ್ರೆಯದ್ದು. ರಕ್ತಪರೀಕ್ಷೆಯ ಅಂಕಿ ಇಳಿಯುವುದು ಬೇರೆ, ಅಮ್ಮ ಮನೆಗೆ ಬಂದು ತಾನೇ ಸೀರೆ ಉಟ್ಟುಕೊಳ್ಳುವುದು ಬೇರೆ. ಎರಡನೆಯದನ್ನು ತೋರಿಸಲು ನೂರಾರು ಜನರ ಪರೀಕ್ಷೆ ಬೇಕು.

ಇನ್ನೊಂದು ವಿಷಯ. ನಮ್ಮ ಕಡೆ ನಾನು ಜಾಸ್ತಿ ನೋಡುವುದು ಬಿಪಿಯಿಂದ ಮಿದುಳಿನ ಒಳಗೇ ಆಗುವ ರಕ್ತಸ್ರಾವ. ಮೇಲಿನ ಪರೀಕ್ಷೆ ಅಂಥವರ ಮೇಲೆ ಮಾಡಿದ್ದಲ್ಲ.

ಅಮ್ಮನಿಗೆ ನುಂಗಲು ಆಗುವುದಿಲ್ಲ, ಮೂಗಲ್ಲಿ ಟ್ಯೂಬ್ ಉಂಟು. ಗಂಟಲಿಗೆ ಕರೆಂಟ್ ಕೊಡುವುದು ಇದೆಯಂತೆ?

ಇದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಕಲಿಯಬೇಕಾದದ್ದು ಇಲ್ಲಿಯೇ. ಮೂಗಿನಿಂದ ಇಳಿಸುವ ಒಂದು ಟ್ಯೂಬ್‌ನಲ್ಲಿ ಎಲೆಕ್ಟ್ರೋಡ್ ಇಟ್ಟು, ಗಂಟಲ ಒಳಗೋಡೆಗೆ ದಿನಕ್ಕೆ 10 ನಿಮಿಷದಂತೆ 3 ದಿನ ಕರೆಂಟ್ ಕೊಡುತ್ತಾರೆ. 2016ರಲ್ಲಿ ಬಂದ ಒಂದು ಪರೀಕ್ಷೆಯಲ್ಲಿ 162 ಜನರಿದ್ದರು, ಸಾಮಾನ್ಯ ನುಂಗುವ ತೊಂದರೆ ಇದ್ದವರು. ಅದರಲ್ಲಿ ಏನೂ ಲಾಭ ಕಾಣಲಿಲ್ಲ. 2018ರಲ್ಲಿ ಬಂದ ಇನ್ನೊಂದರಲ್ಲಿ 69 ಜನ. ಎಲ್ಲರೂ ತೀರಾ ಜೋರಾದ ಸ್ಟ್ರೋಕ್ ಆಗಿ, ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಾಟದ ಟ್ಯೂಬ್ ಹಾಕಿಸಿಕೊಂಡವರು. ರಕ್ತಸ್ರಾವ ಆದವರೂ ಇದರಲ್ಲಿ ಇದ್ದರು. ಕರೆಂಟ್ ಸಿಕ್ಕಿದವರಲ್ಲಿ 49 ಶೇಕಡಾ ಜನ ಆ ಟ್ಯೂಬ್ ತೆಗೆಯುವ ಹಂತಕ್ಕೆ ಬಂದರು, ಉಳಿದವರಲ್ಲಿ 9 ಶೇಕಡಾ ಮಾತ್ರ.

ಅದೇ ಚಿಕಿತ್ಸೆ, ಒಂದು ಬಗೆಯ ರೋಗಿಗೆ ಶೂನ್ಯ, ಇನ್ನೊಂದು ಬಗೆಯವರಿಗೆ ಇಷ್ಟು ಉಪಯೋಗ. ಅದಕ್ಕೇ "ಕರೆಂಟ್ ಚಿಕಿತ್ಸೆ ಒಳ್ಳೆಯದಾ" ಎಂದು ಕೇಳಿದರೆ ನಾನು "ಯಾರಿಗೆ, ಯಾವುದಕ್ಕೆ?" ಎಂದು ತಿರುಗಿ ಕೇಳುತ್ತೇನೆ. ಜನರಿಗೆ ಸಿಟ್ಟು ಬರುತ್ತದೆ, ಏನು ಮಾಡುವುದು!

ಟ್ಯೂಬ್ ಇರುವಾಗ ಪ್ರೀತಿಯಿಂದ ಒಂದು ಚಮಚ ಗಂಜಿನೀರು ಬಾಯಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆದರೆ ಮತ್ತೆ ಐಸಿಯು.

ಪ್ರಜ್ಞೆ ಇಲ್ಲದವರನ್ನು ಕೈಗೆ ಕರೆಂಟ್ ಕೊಟ್ಟು ಎಬ್ಬಿಸ್ತಾರಂತೆ?

ಬಲ ಮಣಿಕಟ್ಟಿನ ಮೀಡಿಯನ್ ನರಕ್ಕೆ ಕರೆಂಟ್ ಕೊಡುವುದನ್ನು ಜಪಾನ್, ಚೀನಾ ಕಡೆ ಕೋಮಾದಲ್ಲಿರುವವರ ಮೇಲೆ ಪರೀಕ್ಷಿಸಿದ್ದಾರೆ. ಅವರಲ್ಲಿ ಬಹಳ ಮಂದಿ ತಲೆಗೆ ಪೆಟ್ಟು ಬಿದ್ದವರು. ನಮ್ಮ ಆಸ್ಪತ್ರೆಗಳಲ್ಲಿ ಇದು ಮಾಮೂಲಿ ಚಿಕಿತ್ಸೆ ಅಲ್ಲ.

ಫಿಸಿಯೋ ಸೆಂಟರ್‌ನಲ್ಲಿ ಈಗಲೇ ಕೈಕಾಲಿಗೆ ಕರೆಂಟ್ ಇಡ್ತಾರಲ್ಲ, ಅದೂ ಇದೇನಾ?

ಅದು ಬೇರೆ. ಅಲ್ಲಿ ಸ್ನಾಯುವಿಗೆ ಅಥವಾ ಸ್ನಾಯುವಿನ ನರಕ್ಕೆ ನೇರವಾಗಿ ಕರೆಂಟ್ ಕೊಟ್ಟು ಅದನ್ನು ಸಂಕುಚಿಸುವಂತೆ ಮಾಡುತ್ತಾರೆ. ಭುಜದ ಕೀಲು ಜಾರಿ ಕೆಳಗಿಳಿದಿದ್ದರೆ ಇದರಿಂದ ಸಹಾಯ ಆಗುತ್ತದೆ. ನಡೆಯುವಾಗ ಪಾದ ನೆಲಕ್ಕೆ ಎಳೆಯುತ್ತಿದ್ದರೆ ಮೊಣಕಾಲಿನ ಬದಿಯ ನರಕ್ಕೆ ಹೆಜ್ಜೆ ಎತ್ತುವಾಗ ಮಾತ್ರ ಕರೆಂಟ್ ಕೊಡುವ ಸಾಧನವೂ ಉಂಟು. ಆ ಉಪಾಯ 1961ರಷ್ಟು ಹಳೆಯದು. ಆದರೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿದರೂ ನಡಿಗೆಯ ವೇಗ ಹೆಚ್ಚುಕಮ್ಮಿ ಅಷ್ಟೇ ಸುಧಾರಿಸುತ್ತದೆ, ಖರ್ಚು ಎಷ್ಟೋ ಕಮ್ಮಿ. ತೋಟದ ಏರುತಗ್ಗಿನಲ್ಲಿ, ಮಳೆಗಾಲದ ಪಾಚಿ ಕಟ್ಟಿದ ಅಂಗಳದಲ್ಲಿ ನಡೆಯಬೇಕಾದವರಿಗೆ ನಾನು ಮೊದಲು ಸ್ಪ್ಲಿಂಟನ್ನೇ ಹೇಳುವುದು.

ಕೆಲವರಿಗೆ ಸುಳ್ಳು ಕರೆಂಟ್ ಕೊಡ್ತಾರಂತೆ. ಇದು ಮೋಸ ಅಲ್ವಾ?

ಮೊದಲೇ ಹೇಳಿ, ಕಾಗದದಲ್ಲಿ ಬರೆದು, ಸಹಿ ತೆಗೆದುಕೊಂಡು ಮಾಡುವುದರಿಂದ ಮೋಸ ಅಲ್ಲ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ರೋಗಿಗೂ ಗೊತ್ತಿರುವುದಿಲ್ಲ, ಅಳೆಯುವವರಿಗೂ ಗೊತ್ತಿರುವುದಿಲ್ಲ.

ಯಾಕೆ ಬೇಕು ಇದು? ಮಿದುಳಿನೊಳಗೆ ರಕ್ತಸ್ರಾವ ಆಗಿ ಬದುಕುಳಿದವರು ಮೊದಲ ವಾರಗಳಲ್ಲಿ ತುಂಬ ಕೆಟ್ಟ ಸ್ಥಿತಿಯಲ್ಲಿ ಇರುತ್ತಾರೆ. ಆಮೇಲೆ ಒಳಗಿನ ರಕ್ತ ಕರಗಿ ಒತ್ತಡ ಇಳಿದ ಹಾಗೆ ಮೊದಲ ಮೂರರಿಂದ ಆರು ತಿಂಗಳಲ್ಲಿ ಸಾಕಷ್ಟು ಸುಧಾರಿಸುತ್ತಾರೆ. ಆ ಹೊತ್ತಿಗೆ ಏನು ಕೊಟ್ಟಿದ್ದರೂ ಹೆಸರು ಅದಕ್ಕೇ. ಕಿವಿಯ ಕ್ಲಿಪ್‌ಗೂ, ತೈಲಕ್ಕೂ, ಹರಕೆಗೂ, ನನ್ನ ವ್ಯಾಯಾಮಕ್ಕೂ! ಯಾವುದರಿಂದ ಆಯಿತು ಎಂದು ತಿಳಿಯಬೇಕಾದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕೇ ಬೇಕು.

ಹೋಲಿಸಿ ನೋಡಿದಾಗ ನಂಬಿಕೆ ಬಿದ್ದುಹೋದ ಉದಾಹರಣೆಗಳಿವೆ. ಫ್ಲುಯೋಕ್ಸೆಟಿನ್ ಮಾತ್ರೆಯಿಂದ ಸ್ಟ್ರೋಕ್ ಬೇಗ ಗುಣವಾಗುತ್ತದೆ ಎಂದು ತುಂಬ ನಿರೀಕ್ಷೆ ಇತ್ತು. ಬ್ರಿಟನ್ನಿನಲ್ಲಿ 3127 ಜನರ ಮೇಲೆ ನೋಡಿದಾಗ ಗುಣವಾಗುವುದರಲ್ಲಿ ಪ್ರಯೋಜನ ಕಾಣಲಿಲ್ಲ, ಮೂಳೆ ಮುರಿತ ಜಾಸ್ತಿಯಾಯಿತು. ನಮ್ಮ ಫಿಸಿಯೋದವರಿಗೂ ಪಾಠ ಆಗಿದೆ. ಎಷ್ಟು ಬೇಗ ಎಬ್ಬಿಸಿ ನಡೆಸಿದರೆ ಅಷ್ಟು ಒಳ್ಳೆಯದು ಎಂದುಕೊಂಡಿದ್ದೆವು. 2015ರಲ್ಲಿ 2104 ಜನರ ಪರೀಕ್ಷೆ ಬಂತು. 24 ಗಂಟೆಯೊಳಗೇ ಎಬ್ಬಿಸಿ ಪದೇ ಪದೇ ನಡೆಸಿದವರ ಫಲಿತಾಂಶ ಮೂರು ತಿಂಗಳ ನಂತರ ಸ್ವಲ್ಪ ಕೆಟ್ಟದ್ದೇ ಆಗಿತ್ತು.

ಅಪ್ಪನಿಗೆ ಮಾತೇ ಇಲ್ಲ. ಸಹಿ ಯಾರು ಹಾಕುವುದು? ಕಾಗದ ಮಲೆಯಾಳದಲ್ಲೋ ಇಂಗ್ಲಿಷ್‌ನಲ್ಲೋ ಇದ್ದರೆ?

ನಮ್ಮವರು ಸಲೀಸಾಗಿ ಬಿಟ್ಟುಬಿಡುವುದು ಇದನ್ನೇ. ನಾವು ಕಾಸರಗೋಡಿನ ಕನ್ನಡದವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ, ಇಲ್ಲ ಕಣ್ಣೂರು ಕಡೆಯ ಪರಿಯಾರಂ ಮೆಡಿಕಲ್ ಕಾಲೇಜಿಗೆ, ಇಲ್ಲ ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಗೆ. ಒಂದು ಕಡೆ ಕಾಗದ ಓದಲು ಬರುತ್ತದೆ, ಡಾಕ್ಟರು ಬೇರೆ ಭಾಷೆಯವರು. ಇನ್ನೊಂದು ಕಡೆ ಮಾತು ಹೇಗೋ ಅರ್ಥವಾಗುತ್ತದೆ, ಕಾಗದ ಓದಲು ಬರುವುದಿಲ್ಲ. ಹಿರಿಯರಲ್ಲಿ ಎಷ್ಟೋ ಜನ ಮಲೆಯಾಳ ಮಾತಾಡುತ್ತಾರೆ, ಓದಲಾರರು. ಐಸಿಯು ಬಾಗಿಲಲ್ಲಿ ನಿಂತು, ತಲೆ ಕೆಟ್ಟ ಹೊತ್ತಿನಲ್ಲಿ, "ಇಲ್ಲೊಂದು ಸಹಿ" ಎಂದ ಕಡೆ ಹಾಕಿಬಿಡುತ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ನೀತಿ ಸೂಚಿಗಳ ಪ್ರಕಾರ, ಸಂಶೋಧನೆಗೆ ಒಪ್ಪಿಗೆ ಕೇಳುವುದು ರೋಗಿಗೆ ಅಥವಾ ಅವರ ಪರವಾಗಿ ನಿಲ್ಲುವವರಿಗೆ ಅರ್ಥವಾಗುವ ಭಾಷೆಯಲ್ಲೇ ಆಗಬೇಕು. ರೋಗಿಗೆ ತೀರ್ಮಾನ ಮಾಡುವ ಸ್ಥಿತಿ ಇಲ್ಲದಿದ್ದರೆ ಕಾನೂನು ಒಪ್ಪುವ ಹತ್ತಿರದವರು ಸಹಿ ಹಾಕಬಹುದು. ಓದಲು ಬಾರದವರಾದರೆ ಆ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಇರಬೇಕು. ರೋಗಿ ಸುಧಾರಿಸಿ ಅರ್ಥಮಾಡಿಕೊಳ್ಳುವಂತೆ ಆದಾಗ ಅವರನ್ನೇ ಮತ್ತೆ ಕೇಳಬೇಕು. ಆದ್ದರಿಂದ "ಕನ್ನಡದ ಫಾರ್ಮ್ ಕೊಡಿ" ಎಂದು ಕೇಳುವುದಕ್ಕೆ ನಾಚಿಕೆ ಬೇಡ. ಅದು ಉಪಕಾರ ಕೇಳಿದ ಹಾಗಲ್ಲ. ಕೊಡುವವರೆಗೆ ಸಹಿ ಹಾಕಬೇಡಿ. ಸಹಿ ಹಾಕಿದ ಮೇಲೆ ಒಂದು ಪ್ರತಿ ಮನೆಗೆ ತನ್ನಿ.

ಬೇಡ ಎಂದರೆ ಡಾಕ್ಟರಿಗೆ ಬೇಸರ ಆಗಿ ಸರಿಯಾಗಿ ನೋಡದೆ ಇರ್ತಾರಾ?

ಬೇಡ ಎನ್ನುವ ಹಕ್ಕು ನಿಮ್ಮದು. ಮಧ್ಯದಲ್ಲಿ ಬಿಟ್ಟುಹೋಗುವ ಹಕ್ಕೂ ನಿಮ್ಮದೇ. ಅದರಿಂದ ಮಾಮೂಲಿ ಚಿಕಿತ್ಸೆಗೆ ಕಡಿತ ಆಗಬಾರದು.

ಟ್ರಯಲ್‌ಗೆ ಸೇರಲು ದುಡ್ಡು ಎಷ್ಟು ಕೊಡಬೇಕು?

ಪರೀಕ್ಷೆಗೆ ಸಂಬಂಧಪಟ್ಟ ಖರ್ಚನ್ನು ನಿಮ್ಮಿಂದ ತೆಗೆದುಕೊಳ್ಳುವ ಹಾಗಿಲ್ಲ. "ಟ್ರಯಲ್ ಪ್ಯಾಕೇಜ್ ಇಷ್ಟು ಸಾವಿರ" ಎಂದು ಯಾರಾದರೂ ಹೇಳಿದರೆ ಅದು ಟ್ರಯಲ್ ಅಲ್ಲ, ವ್ಯಾಪಾರ. ನಿಜವಾದದ್ದಾ ಎಂದು ನೋಡಲು ಒಂದು ಸುಲಭ ದಾರಿ ಇದೆ. ಭಾರತದಲ್ಲಿ ಇಂಥ ಪರೀಕ್ಷೆಗಳನ್ನು ಸಿಟಿಆರ್‌ಐ ಎಂಬ ಸರಕಾರಿ ದಾಖಲೆಯಲ್ಲಿ ನೋಂದಾಯಿಸಬೇಕು. 2007ರಲ್ಲಿ ಶುರುವಾದದ್ದು, 2009ರ ಜೂನ್‌ನಿಂದ ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿ, ಮನೆಯ ಕಾಲೇಜು ಮಕ್ಕಳಿಗೆ ಕೊಟ್ಟು ಆನ್‌ಲೈನ್‌ನಲ್ಲಿ ಹುಡುಕಿಸಿ. ಯಾವ ರೋಗಕ್ಕೆ, ಎಷ್ಟು ಜನಕ್ಕೆ, ಯಾವ ಆಸ್ಪತ್ರೆಗಳಲ್ಲಿ ಎಂದು ಅಲ್ಲಿ ಸಿಗುತ್ತದೆ. ಸಂಖ್ಯೆ ಕೇಳಿದ ಕೂಡಲೇ ಮಾತು ತಿರುಗಿಸಿದರೆ ನಿಮಗೆ ಉತ್ತರ ಸಿಕ್ಕಿತು ಎಂದೇ ಅರ್ಥ.

ಪರೀಕ್ಷೆಯಿಂದಾಗಿ ತೊಂದರೆ ಆದರೆ ಚಿಕಿತ್ಸೆ ಯಾರ ಖರ್ಚಿನಲ್ಲಿ, ಪರಿಹಾರ ಎಷ್ಟು, ವಿಮೆ ಇದೆಯಾ ಎನ್ನುವುದೂ ಫಾರ್ಮ್‌ನಲ್ಲಿ ಇರಬೇಕು. ಇರದಿದ್ದರೆ ಕೇಳಿ.

ಕಿವಿಗೆ ಹಾಕುವ ಮೆಷಿನ್ ಆನ್‌ಲೈನ್‌ನಲ್ಲೇ ಸಿಗ್ತದೆ. ತರಿಸಿ ನಾವೇ ಇಟ್ಟರೆ?

ಬೇಡ ಮಾರಾಯ್ರೆ. ಅಲ್ಲಿ ಸಿಗುವುದರಲ್ಲಿ ಹೆಚ್ಚಿನವು ನೋವಿಗೆ ಇಡುವ ಟೆನ್ಸ್ ಮೆಷಿನ್‌ಗೆ ಕಿವಿಯ ಕ್ಲಿಪ್ ಸೇರಿಸಿದಂಥವು. ಕರೆಂಟ್ ಎಷ್ಟು, ಎಷ್ಟು ಹೊತ್ತು, ಕಿವಿಯ ಯಾವ ಜಾಗ, ಇದೆಲ್ಲ ಬದಲಾದರೆ ಅದು ಆ ಪರೀಕ್ಷೆಯ ಚಿಕಿತ್ಸೆಯೇ ಅಲ್ಲ. ಕಿವಿಯ ಹಾಲೆಗೆ ಹಾಕಿದರೆ ವೇಗಸ್ ನರ ಅಲ್ಲಿ ಸಿಗುವುದೇ ಇಲ್ಲ. ಐಸಿಯುನಲ್ಲಿ ಹೃದಯದ ಬಡಿತ, ಬಿಪಿ ಎರಡನ್ನೂ ಸ್ಕ್ರೀನ್‌ನಲ್ಲಿ ನೋಡುತ್ತಾ ಕೊಟ್ಟದ್ದನ್ನು ನಾವು ಪಡಸಾಲೆಯಲ್ಲಿ ಕೂತು ಅಂದಾಜಿಗೆ ಕೊಡುವುದು ಸರಿಯಲ್ಲ. ಪೇಸ್‌ಮೇಕರ್ ಇದ್ದವರಿಗೆ, ಹೃದಯ ನಿಧಾನ ಬಡಿಯುವವರಿಗೆ, ಫಿಟ್ಸ್ ಬರುವವರಿಗೆ ಡಾಕ್ಟರನ್ನು ಕೇಳದೆ ಇಂಥದ್ದು ಹತ್ತಿರವೂ ತರಬೇಡಿ.

ಆ ದುಡ್ಡಿಗೆ ಒಂದು ಒಳ್ಳೆಯ ಬಿಪಿ ಮೆಷಿನ್ ತನ್ನಿ.

ಸರಿಯಾದ ಕಡೆ ಮಾಡಿಸಿದರೂ ಅಪಾಯ ಉಂಟಾ?

ಕಿವಿಯ ಕ್ಲಿಪ್‌ನಿಂದ ಸಾಮಾನ್ಯವಾಗಿ ಚರ್ಮ ಕೆಂಪಾಗುವುದು, ಜುಮುಜುಮು, ಕೆಲವರಿಗೆ ತಲೆನೋವು, ತಲೆ ತಿರುಗು. ವೇಗಸ್ ನರ ಹೃದಯಕ್ಕೂ ಹೋಗುವುದರಿಂದ ಬಡಿತದ ಮೇಲೆ ಕಣ್ಣಿಟ್ಟಿರುತ್ತಾರೆ. ಹೆಚ್ಚಾಗಿ ಎಡಗಿವಿಯನ್ನೇ ಆರಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಕುತ್ತಿಗೆಯ ಸಾಧನದ್ದು ಆಪರೇಷನ್. ಅರಿವಳಿಕೆ, ಸೋಂಕು ಇವುಗಳ ಅಪಾಯ ಇದ್ದೇ ಇದೆ. ಸ್ವರ ಗೊಗ್ಗರಾಗಬಹುದು, ಕೆಮ್ಮು ಬರಬಹುದು. ಆ 108 ಜನರಲ್ಲಿ ಒಬ್ಬರಿಗೆ ಆಪರೇಷನ್ ನಂತರ ಸ್ವರತಂತು ಸೋತು, ಆಮೇಲೆ ಸರಿಹೋಯಿತು. ಸಾಧನ ಒಳಗಿದ್ದರೆ ಮುಂದೆ ಎಂಆರ್‌ಐ ಮಾಡಿಸುವಾಗಲೆಲ್ಲ ಹೇಳಬೇಕು.

ಉಳಿಚ್ಚಿಲ್ (ಎಣ್ಣೆ ಹಚ್ಚಿ ತಿಕ್ಕುವುದು), ತೈಲ ಚಿಕಿತ್ಸೆ ಜೊತೆಗೆ ಮಾಡಿಸಬಹುದಾ?

ನಮ್ಮ ಊರಲ್ಲಿ ಈ ಪ್ರಶ್ನೆ ಬಾರದ ಮನೆ ಇಲ್ಲ. ತಿಂಗಳುಗಳು ಕಳೆದು, ಬಿಪಿ ಹಿಡಿತದಲ್ಲಿ ಇದ್ದು, ಡಾಕ್ಟರು ಒಪ್ಪಿದರೆ, ಮೆತ್ತಗೆ ಎಣ್ಣೆ ಹಚ್ಚಿ ತಿಕ್ಕಿದರೆ ಮೈಗೂ ಮನಸ್ಸಿಗೂ ಹಿತ. ನಾನು ಹೆದರುವುದು ಬೇರೆ ಎರಡಕ್ಕೆ. ಸೋತ ಭುಜವನ್ನು ಜೋರಾಗಿ ಎಳೆದು ಕೀಲು ಹಾಳು ಮಾಡುವುದು ಒಂದು. "ಇದು ಶುರು ಮಾಡಿದ ಮೇಲೆ ಇಂಗ್ಲಿಷ್ ಮದ್ದು ಬೇಡ" ಎಂದು ಬಿಪಿ ಮಾತ್ರೆ ನಿಲ್ಲಿಸುವುದು ಇನ್ನೊಂದು. ರಕ್ತಸ್ರಾವ ಆದವರು ಬಿಪಿ ಮಾತ್ರೆ ಬಿಡುವುದೆಂದರೆ ಮತ್ತೊಂದು ರಕ್ತಸ್ರಾವಕ್ಕೆ ದಾರಿ. ಟ್ರಯಲ್‌ನಲ್ಲಿ ಇರುವವರಾದರೆ, ಬೇರೆ ಏನು ಮಾಡಿಸುತ್ತಿದ್ದರೂ ಅಲ್ಲಿಯವರಿಗೆ ಹೇಳಬೇಕು.

ಮಾತು ವಾಪಸ್ ಬರಲು ಇದರಿಂದ ಸಹಾಯ ಆಗ್ತದಾ?

ಅದಕ್ಕೆ ಕೈಯಷ್ಟು ಪುರಾವೆ ಇಲ್ಲ. ಆದರೆ ನಮ್ಮ ಊರಿಗೆ ಸಂಬಂಧಪಟ್ಟ ಒಂದು ವಿಷಯ ಹೇಳಲೇಬೇಕು. ಇಲ್ಲಿ ಒಬ್ಬೊಬ್ಬರಿಗೂ ಮೂರು ನಾಲ್ಕು ಭಾಷೆ. ಮನೆಯಲ್ಲಿ ತುಳು ಅಥವಾ ಹವ್ಯಕ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ. ಸ್ಟ್ರೋಕ್ ಆದ ಮೇಲೆ ಎಲ್ಲ ಭಾಷೆಗಳೂ ಒಂದೇ ಸಮನೆ ವಾಪಸ್ ಬರಬೇಕೆಂದಿಲ್ಲ. ತುಳುವಿನಲ್ಲಿ ಕೇಳಿದರೆ ಸರಿಯಾಗಿ ತಲೆ ಆಡಿಸುವ ಅಜ್ಜಿ, ಮಲೆಯಾಳದಲ್ಲಿ ಕೇಳಿದರೆ ಸುಮ್ಮನೆ ನೋಡುತ್ತಾ ಇರಬಹುದು. ಪರೀಕ್ಷೆಯವರು ಮಲೆಯಾಳದಲ್ಲೇ ಅಳೆದು "ಏನೂ ಅರ್ಥವಾಗುವುದಿಲ್ಲ" ಎಂದು ಬರೆದರೆ ಅದು ಅಜ್ಜಿಯ ತಪ್ಪಲ್ಲ. ಯಾವ ಭಾಷೆಯಲ್ಲಿ ಹುಟ್ಟಿ ಬೆಳೆದವರು, ಯಾವುದು ಆಮೇಲೆ ಕಲಿತದ್ದು ಎಂದು ಸ್ಪೀಚ್ ಥೆರಪಿಸ್ಟ್‌ಗೆ ಮೊದಲ ದಿನವೇ ಹೇಳಿ.

ಟ್ರಯಲ್ ಸಿಗದಿದ್ದರೆ ಏನು ಮಾಡುವುದು? ಸುಮ್ನೆ ಕೂರುವುದಾ?

ಆ 24 ಶೇಕಡಾ ನೆನಪಿದೆಯಲ್ಲ? ಕರೆಂಟ್ ಇಲ್ಲದೆ, ಅಭ್ಯಾಸದಿಂದಲೇ ಸುಧಾರಿಸಿದವರು, ಅದೂ ಸ್ಟ್ರೋಕ್ ಆಗಿ ತಿಂಗಳುಗಟ್ಟಲೆ ಕಳೆದ ಮೇಲೆ. ಒಂದು ಸಲಕ್ಕೆ 300 ಚಲನೆ ಎಂದರೆ ನಾನು ಬಂದು ಹೋಗುವ ಹೊತ್ತಿನಲ್ಲಿ ಮುಗಿಯುವ ಮಾತಲ್ಲ. ಉಳಿದದ್ದನ್ನು ಮನೆಯಲ್ಲಿ ಮಾಡಬೇಕು. ಸುಮ್ಮನೆ ಕೈ ಮೇಲೆ ಕೆಳಗೆ ಮಾಡಿ ಎಂದರೆ ಎರಡು ದಿನದಲ್ಲಿ ಬೇಜಾರು. ಬದುಕಿನಲ್ಲಿ ಮಾಡಿಕೊಂಡು ಬಂದ ಕೆಲಸವನ್ನೇ ಕೈಗೆ ಕೊಡಿ. ಬೀಡಿ ಕಟ್ಟುತ್ತಿದ್ದವರಿಗೆ ಎಲೆ ಮತ್ತು ನೂಲು, ತೋಟದವರಿಗೆ ಒಂದು ಕುಕ್ಕೆಯಿಂದ ಇನ್ನೊಂದಕ್ಕೆ ಅಡಿಕೆ ಎತ್ತಿ ಹಾಕುವುದು, ಅಡುಗೆಯವರಿಗೆ ಹೆಸರುಕಾಳು ಆರಿಸುವುದು. ಕತ್ತಿ, ಮೆಟ್ಟುಕತ್ತಿ ಬೇಡ. ಸುಸ್ತಾದರೆ ನಿಲ್ಲಿಸಿ, ಮತ್ತೆ ಶುರು ಮಾಡಿ.

ಬಿಪಿ ಸಾಮಾನ್ಯವಾಗಿ 130/80ರ ಆಸುಪಾಸಿನಲ್ಲಿ ಇರಬೇಕು ಎನ್ನುತ್ತಾರೆ. ನಿಮ್ಮವರಿಗೆ ಎಷ್ಟು ಎಂದು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಉಪ್ಪಿನಕಾಯಿ, ಒಣಮೀನು, ಹಪ್ಪಳ ಎಲ್ಲದರಲ್ಲೂ ಉಪ್ಪು ಎಷ್ಟು ಉಂಟೆಂದು ನಿಮಗೇ ಗೊತ್ತು. ಮಲಗಿಯೇ ಇರುವವರಿದ್ದರೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ, ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಕೊಡಿ. ಕೇರಳದಲ್ಲಿ ಇರುವುದರ ಒಂದು ದೊಡ್ಡ ಲಾಭ ಅದು, ನಮ್ಮವರು ಎಷ್ಟೋ ಜನ ಬಳಸಿಕೊಳ್ಳುವುದೇ ಇಲ್ಲ.

ಟ್ರಯಲ್ ಬಗ್ಗೆ ಕೇಳಲು ಮಂಗಳೂರಿಗೋ ತಿರುವನಂತಪುರಕ್ಕೋ ಹೋಗುವಾಗ ಏನು ಹಿಡ್ಕೊಂಡು ಹೋಗಬೇಕು?

ಡಿಸ್ಚಾರ್ಜ್ ಸಮ್ಮರಿ, ಮೊದಲ ದಿನದ ಸಿಟಿ ಸ್ಕ್ಯಾನ್‌ನ ಸಿಡಿ (ಫಿಲ್ಮ್ ಮಾತ್ರ ಸಾಲದು), ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಬಿಪಿ ಬರೆದಿಟ್ಟ ಪುಸ್ತಕ. ಅನ್ಯೂರಿಸಮ್‌ಗೆ ಕ್ಲಿಪ್ ಅಥವಾ ಕಾಯಿಲ್ ಹಾಕಿದ್ದರೆ, ಪೇಸ್‌ಮೇಕರ್ ಇದ್ದರೆ, ಅದರ ಕಾರ್ಡ್. ರೋಗಿಯನ್ನು ಮೊದಲ ಸಲವೇ ಜೀಪಿನಲ್ಲಿ ಕೂರಿಸಿ ಅಲ್ಲಾಡಿಸಿಕೊಂಡು ಕರೆದುಕೊಂಡು ಹೋಗಬೇಕೆಂದಿಲ್ಲ. ಕಾಗದ ಹಿಡಿದು ಒಬ್ಬರು ಹೋಗಿ ಕೇಳಿಕೊಂಡು ಬಂದರೆ ಸಾಕು. ಹೋದವರು ಮುಂದಿನ ಭೇಟಿಗಳ ಬಗ್ಗೆ ವಿಚಾರಿಸಲೇಬೇಕು: ಎಷ್ಟು ಸಲ ಬರಬೇಕು, ಪ್ರಯಾಣದ ಖರ್ಚು ಕೊಡುತ್ತಾರಾ, ಮೂರನೇ ತಿಂಗಳ ತಪಾಸಣೆಯನ್ನು ಫೋನಿನಲ್ಲಿ ಮಾಡಲು ಆಗುತ್ತದಾ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಚಿಕಿತ್ಸೆ ನಂಬಿಕೊಂಡಿದ್ದವರು ಪಟ್ಟ ಪಾಡು ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಹಾಗಾಗಿ ಬರಲು ಆಗದಿದ್ದರೆ ಗಡಿಯ ಈಚೆಗೆ ಯಾರನ್ನು ಕಾಣಬೇಕು, ರಾತ್ರಿ ಹೊತ್ತು ಯಾವ ನಂಬರಿಗೆ ಫೋನ್ ಮಾಡಬೇಕು ಎನ್ನುವುದನ್ನೂ ಆ ಫಾರ್ಮ್‌ನ ಮೇಲೆಯೇ ಬರೆಸಿಕೊಂಡು ಬನ್ನಿ.